ಸತ್ಯಾಂಶ: ಓವನ್‌ನ ಎರರ್ ಕೋಡ್ ವಿಕಿರಣದ ಎಚ್ಚರಿಕೆ ಅಲ್ಲ

‘ಮೈಕ್ರೋವೇವ್ ಪರದೆಯಲ್ಲಿ ಎಸ್‌ಇ ಎಂದು ಬಂದರೆ ವಿಕಿರಣ ಸೋರುತ್ತಿದೆ, ತಕ್ಷಣ ಎಸೆಯಿರಿ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಮನೆಯ ಮೈಕ್ರೋವೇವ್‌ನಲ್ಲಿ ಸೋರಿಕೆ ಅಳೆಯುವ ಸೆನ್ಸರೇ ಇರುವುದಿಲ್ಲ. ಇನ್ನು ಎಚ್ಚರಿಸುವುದೆಲ್ಲಿಂದ ಬಂತು? ಸ್ಯಾಮ್‌ಸಂಗ್‌ನ ಹಲವು ಮಾಡೆಲ್‌ಗಳಲ್ಲಿ ಎಸ್‌ಇ ಎಂದರೆ ಟಚ್ ಪ್ಯಾಡ್‌ನ ಗುಂಡಿ ಒತ್ತಿದ ಹಾಗೇ ಸಿಕ್ಕಿಕೊಂಡಿದೆ ಎಂದರ್ಥ. ಒದ್ದೆ ಕೈ, ಪಾತ್ರೆಯ ಹಬೆ, ಒಗ್ಗರಣೆಯ ಜಿಡ್ಡು. ಅಡುಗೆಮನೆ ಅಂದಮೇಲೆ ಇದೆಲ್ಲ ಮಾಮೂಲು ಅಲ್ವಾ? ಬೇಕಿಂಗ್ ಓವನ್‌ನಲ್ಲಿ ಎರರ್ ಕೋಡ್ ಬಂದರೆ ಕೆಲವು ಸಲ ಬಿಸಿ ಅಳೆಯುವ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿರುತ್ತದೆ. ಒಂದೇ ಕೋಡ್‌ಗೆ ಕಂಪನಿಗೊಂದು ಅರ್ಥ. ಕೈಪಿಡಿ ನೋಡಿಯೇ ತೀರ್ಮಾನಿಸಿ.

ಮೊದಲು ಪ್ಲಗ್ ತೆಗೆದು 5 ನಿಮಿಷ ಸುಮ್ನೆ ಬಿಡಿ. ಗುಂಡಿಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ. ಕೋಡ್ ಮತ್ತೆ ಬಂದರೆ ಬರೆದಿಟ್ಟುಕೊಂಡು ಸರ್ವಿಸ್‌ನವರಿಗೆ ಹೇಳಿ. ಅವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಮೈಕ್ರೋವೇವ್‌ನ ಹೊರಕವಚ ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಫಾರ್ವರ್ಡ್ ಹೆದರಿಸಬೇಕಿದ್ದದ್ದು ಇದಕ್ಕೆ! ಇನ್ನು ಬಾಗಿಲು ಸೊಟ್ಟಗಾಗಿ ಸರಿಯಾಗಿ ಮುಚ್ಚುತ್ತಿಲ್ಲವೇ? ಕೋಡ್ ಬರಲಿ, ಬಿಡಲಿ, ಬಳಸುವುದನ್ನು ನಿಲ್ಲಿಸಿ.