ವಾಕ್ ಚಿಕಿತ್ಸೆ ಎಂ.ಎಸ್ಸಿ.ಗೆ ಆಸ್ಕಿ ಪರೀಕ್ಷೆ ಬೇಕೆ? ಪರ-ವಿರೋಧ

ಪರ: ಈ ಲಾಟರಿ ಇನ್ನು ಸಾಕು

ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ನಿಜವಾದ ರೋಗಿ; ಆಸ್ಕಿ (OSCE) ಎಂದರೆ ಎಲ್ಲರಿಗೂ ಒಂದೇ ಸಾಲು ಕೆಲಸ. ಪರೀಕ್ಷೆಯ ದಿನ ನನ್ನ ಪಾಲಿಗೆ ಬಂದವನು ನಾಲ್ಕು ವರ್ಷದ ಹುಡುಗ. ಬಾಗಿಲು ದಾಟುವ ಮೊದಲೇ ಅಳು. ಗೊಂಬೆ, ಸೋಪಿನ ಗುಳ್ಳೆ, ಅಮ್ಮನ ಮೊಬೈಲು, ಯಾವುದಕ್ಕೂ ಬಗ್ಗಲಿಲ್ಲ. ಪಕ್ಕದ ಕೋಣೆಯಲ್ಲಿ ಗೆಳತಿಗೆ ಸಿಕ್ಕಿದ್ದು ಪಾಠ ಹೇಳಿ ಹೇಳಿ ಗಂಟಲು ಕಟ್ಟಿದ ಮೇಷ್ಟ್ರು. ‘ಆ’ ಎಂದು ಎಳೆಯಿರಿ ಅಂದರೆ ಮೂರು ಸಲ ಎಳೆದರಂತೆ, ಪುಣ್ಯಾತ್ಮರು. ಅವಳಿಗೆ 78, ನನಗೆ 51. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷಕರ ಮೇಲೆ ಇನ್ನೂ ಸ್ವಲ್ಪ ಇದೆ.

ಆಸ್ಕಿಯಲ್ಲಿ ಈ ಲಾಟರಿ ಇಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಪದ್ಧತಿ ಅದು. ಸಾಲಾಗಿ ಸ್ಟೇಷನ್‌ಗಳು; ಗಂಟೆ ಹೊಡೆದರೆ ಎದ್ದು ಮುಂದಿನದಕ್ಕೆ. ಒಂದರಲ್ಲಿ ರೆಕಾರ್ಡಿಂಗ್ ಕೇಳಿ ಉಗ್ಗು ಎಣಿಸಬೇಕು. ಇನ್ನೊಂದರಲ್ಲಿ, ಪಾರ್ಶ್ವವಾಯುವಾಗಿ ನುಂಗಲು ಕಷ್ಟಪಡುವ ಅಪ್ಪನಿಗೆ ನೀರನ್ನು ಗಟ್ಟಿ ಮಾಡಿ ಏಕೆ ಕುಡಿಸಬೇಕು ಎಂದು ಮಗನ ಪಾತ್ರದವರಿಗೆ ಸರಳ ಕನ್ನಡದಲ್ಲಿ ತಿಳಿಸಬೇಕು. ಎಲ್ಲರಿಗೂ ಅದೇ ಉಗ್ಗು, ಅದೇ ಮಗ, ಅಂಕ ಕೊಡಲು ಅದೇ ಚೆಕ್‌ಲಿಸ್ಟ್.

ಆಸ್ಕಿ ಬೇಡ ಎನ್ನುವವರಿಗೆ ಪರೀಕ್ಷೆಗೆ ನಿಜವಾದ ರೋಗಿಯೇ ಬೇಕಂತೆ! ವಾಕ್ ಚಿಕಿತ್ಸಕರ ಪ್ರಮಾಣಪತ್ರಕ್ಕೆ 400 ಗಂಟೆಗಳ ಕ್ಲಿನಿಕ್ ಅನುಭವ ಕೇಳುವ ಅಮೆರಿಕದವರೇ ಅದರಲ್ಲಿ 75 ಗಂಟೆವರೆಗೆ ಸಿಮ್ಯುಲೇಷನ್ (ನಿಜವಾದ ರೋಗಿಯ ಬದಲು ಅಣಕು ಸನ್ನಿವೇಶ) ಒಪ್ಪುತ್ತಾರೆ. ಅಳುವ ಮಗು ಎದುರಾದರೇನೇ ಥೆರಪಿಸ್ಟ್ ತಯಾರಾಗುವುದು ಎನ್ನುವವರು, ಈಜು ಕಲಿಸುತ್ತೇನೆಂದು ಬಾವಿಗೆ ದೂಡುವ ಸೋದರಮಾವನ ಪೈಕಿ.

ವಿರೋಧ: ಹೊರಗಿನ ಬೆಂಚು

ವಿರೋಧ ಬರೆದುಕೊಡಿ ಎಂದರು, ಒಪ್ಪಿಕೊಂಡೆ. ನಮ್ಮ ವಿಭಾಗಕ್ಕೆ ಎರಡು ಸ್ಟೇಷನ್ ತಯಾರಿಸಿಕೊಟ್ಟವನೂ ನಾನೇ, ಅದನ್ನೂ ಹೇಳಿಬಿಡುತ್ತೇನೆ. ಖರ್ಚು ಜಾಸ್ತಿ, ಪರೀಕ್ಷಕರು ಹೆಚ್ಚು ಬೇಕು, ಪಾತ್ರ ಮಾಡುವವರಿಗೆ ತರಬೇತಿ ಬೇಕು. ಇವೆಲ್ಲ ಇದ್ದದ್ದೇ. ಎರಡು ವರ್ಷ ಜೊತೆಗಿದ್ದು ನೋಡಿದ ಸೂಪರ್‌ವೈಸರಿಗೆ ಗೊತ್ತಾಗುವುದು ಹತ್ತು ನಿಮಿಷಕ್ಕೊಮ್ಮೆ ಹೊಡೆಯುವ ಗಂಟೆಗೆ ಗೊತ್ತಾಗದು.

ಮಂಡ್ಯ ಕಡೆಯ ಆರು ವರ್ಷದ ಹುಡುಗಿ. ಮಾತು ಸರಿಯಿಲ್ಲವೆಂದು ಶಾಲೆಯವರು ಕಳಿಸಿದ್ದರು. ನನ್ನ ವಿದ್ಯಾರ್ಥಿನಿ ಚಿತ್ರ ತೋರಿಸಿ ಉಚ್ಚಾರಣೆ ಪರೀಕ್ಷಿಸಿದಳು. ಹಾಲು ‘ಆಲು’, ಹಾವು ‘ಆವು’, ಹೂವು ‘ಊವು’. ‘ಹಕಾರ ಲೋಪ, ವಾರಕ್ಕೆರಡು ಸಲ ಥೆರಪಿ’ ಎಂದು ಬರೆದಳು. ಆಸ್ಕಿ ಚೆಕ್‌ಲಿಸ್ಟ್ ಪ್ರಕಾರವಾದರೆ ಪೂರ್ತಿ ಅಂಕ. ಅಷ್ಟರಲ್ಲಿ ಹೊರಗಿನ ಬೆಂಚಿನಿಂದ ಅಜ್ಜಿ ಕೂಗಿದರು: “ಆಯ್ತೇನವ್ವ? ಮಗು ಒಟ್ಟೆ ಅಸ್ಕೊಂಡದೆ.”

ವಿದ್ಯಾರ್ಥಿನಿ ಪೆನ್ನು ಎತ್ತಿ ನನ್ನ ಮುಖ ನೋಡಿದಳು. ಊರಿಗೆ ಊರೇ ಆಡುವ ಮಾತಿಗೆ ನಾವು ಥೆರಪಿ ಬರೆದಿದ್ದೆವು! ಮಗುವಿಗೆ ನಿಜಕ್ಕೂ ಇದ್ದ ತೊಂದರೆ ರಕಾರದ್ದು. ಮರ ‘ಮಲ’ ಆಗುತ್ತಿತ್ತು. ಹಕಾರಗಳ ಗದ್ದಲದಲ್ಲಿ ಅದು ಪಟ್ಟಿಯ ಕೊನೆಗೆ ಸರಿದಿತ್ತು. ಅಜ್ಜಿಯೊಡನೆ ಮತ್ತೆ ಇಪ್ಪತ್ತು ನಿಮಿಷ ಕೂತು ಫೈಲು ಹೊಸದಾಗಿ ಬರೆದಳು. ಆ ಇಪ್ಪತ್ತು ನಿಮಿಷಕ್ಕೆ ನಾನು ಅಂಕ ಕೊಟ್ಟೆ.

ಪರ ಬರೆದ ಲೇಖಕಿಯ 51ಕ್ಕೆ ನನ್ನ ಸಂತಾಪವಿದೆ. ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ. ಮೂರನೆಯ ಸ್ಟೇಷನ್ನಿಗೆ ಆಗುತ್ತಿತ್ತು.