ಟೆನ್ಸರ್ ಬರುವ ತನಕ ಕಾಯಬೇಕಾ?

"ಟೆನ್ಸರ್ ಗೊತ್ತಿಲ್ಲದ ಬಿ.ಎಸ್ಸಿ. ಮಕ್ಕಳಿಗೆ ಕಪ್ಪುಕುಳಿ ಪಾಠ ಮಾಡೋದು ಬರೀ ಕಥೆ ಹೇಳಿದ ಹಾಗೆ" ಅಂತ ಬಿ.ಎಸ್ಸಿ.ಯಲ್ಲಿ ಕಪ್ಪುಕುಳಿ ಕಲಿಸುವ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಕಪ್ಪುಕುಳಿ ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ಕಾಯ; ಟೆನ್ಸರ್ ಅಂದರೆ ಐನ್‌ಸ್ಟೈನ್ ಗುರುತ್ವ ಸಿದ್ಧಾಂತಕ್ಕೆ ಬೇಕಾದ ಮೇಲ್ಮಟ್ಟದ ಗಣಿತ. ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ನನ್ನ ಮಗಳು ಇಲ್ಲೇ ಪುಣೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಮೊನ್ನೆ ಊಟ ಮಾಡುತ್ತಾ ಎಡಗೈಲಿ ಮರಾಠಿ ಪೇಪರ್ ಎಳೆದುಕೊಂಡು ಅದರ ಅಂಚಿನಲ್ಲೇ ಲೆಕ್ಕ ಹಾಕಿದಳು. ನ್ಯೂಟನ್ ಸೂತ್ರದಲ್ಲಿ ವಿಮೋಚನಾ ವೇಗದ (ಗುರುತ್ವದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ) ಜಾಗದಲ್ಲಿ ಬೆಳಕಿನ ವೇಗ ಇಟ್ಟರೆ, ಕಪ್ಪುಕುಳಿಯಾಗಲು ಸೂರ್ಯ ಕುಗ್ಗಬೇಕಾದ ತ್ರಿಜ್ಯ ಸುಮಾರು 3 ಕಿ.ಮೀ., ಭೂಮಿಯದು ಸುಮಾರು 9 ಮಿ.ಮೀ. ಅಂದರೆ ಇಡೀ ಭೂಮಿ ಒಂದು ಗೋಲಿಯಷ್ಟು! ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಅವಳೇ ತಡೆದಳು: "ಉತ್ತರ ಸರಿ ಬಂದಿದ್ದು ಕಾಕತಾಳೀಯ ಅಪ್ಪಾ. ನ್ಯೂಟನ್ ಲೆಕ್ಕದಲ್ಲಿ ಬೆಳಕು ಒಂದಿಷ್ಟು ದೂರ ಹೊರಗೆ ಹೋಗಿ ವಾಪಸ್ ಬೀಳಬಹುದು. ಐನ್‌ಸ್ಟೈನ್ ಲೆಕ್ಕದಲ್ಲಿ ಹೊರಗೆ ಬರೋದೇ ಇಲ್ಲ." ಸೂತ್ರ ಎಲ್ಲಿ ಕೈಕೊಡುತ್ತೆ ಅಂತ ಗೊತ್ತಿರೋ ಹುಡುಗಿಗೆ ಇದು ಕಥೆಯಾ?

ಗುರುತ್ವದ ಗೊಡವೆ ಇಲ್ಲದ ಐನ್‌ಸ್ಟೈನ್ ವಿಶೇಷ ಸಾಪೇಕ್ಷತೆಗಂತೂ ಪಿಯುಸಿ ಬೀಜಗಣಿತ ಸಾಕು. ಇಡೀ ವಿಶ್ವದ ಹುಟ್ಟು-ಬೆಳವಣಿಗೆ ಓದುವ ವಿಶ್ವವಿಜ್ಞಾನ ಕಷ್ಟ, ಅಲ್ಲಿ ಲೇಖಕರ ಮಾತು ನಿಜ.

ಇನ್ನೊಂದು. ಲೇಖನದಲ್ಲಿ ಹಾಕಿಂಗ್ ಇದ್ದಾರೆ, ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಇಲ್ಲ! ಕಪ್ಪುಕುಳಿಯನ್ನು ಕೆಣಕಿದರೆ ಗಂಟೆ ಬಾರಿಸಿದ ಹಾಗೆ ಮೊಳಗಿ ಸುಮ್ಮನಾಗುತ್ತೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಶೋಧಕ ಲೈಗೋಗೆ ಸಿಕ್ಕ ಗುರುತ್ವ ಅಲೆಯ (ದೇಶ-ಕಾಲದಲ್ಲೇ ಏಳುವ ಕಂಪನ) ಬಾಲದಲ್ಲಿ ಇದ್ದದ್ದು ಆ ಮೊಳಗೇ. ಖಗೋಳವಿಜ್ಞಾನಿ ನಾರಳೀಕರ್ ಕಟ್ಟಿದ ಖಗೋಳ ಸಂಶೋಧನಾ ಕೇಂದ್ರ ಐಯುಕಾ ನಮ್ಮ ಮನೆಗೆ ಒಂದೇ ಬಸ್ಸಿನ ದಾರಿ, ಆದರೂ ವಿಶ್ವೇಶ್ವರ ಅವರ ಹೆಸರು ನನಗೆ ಗೊತ್ತಾಗಿದ್ದು ಮಗಳ ನೋಟ್ಸಿನಿಂದ.