ಸತ್ಯಾಂಶ: ಆಸೆ ಸುಳಿದ ಕ್ಷಣವೇ ಪಾಪವೆಂದು ಕ್ರೈಸ್ತ ಧರ್ಮ ಹೇಳುತ್ತದೆಯೆ?

ಕಾಮದ ಯೋಚನೆ ಮನಸ್ಸಿನಲ್ಲಿ ಸುಳಿದರೂ ಮಹಾಪಾಪ, ಅದಕ್ಕೆ ದಂಪತಿಗಳೂ ಹೊರತಲ್ಲ, ಏಳು ಮಹಾಪಾಪಗಳ ಪಟ್ಟಿಯನ್ನು ಯೇಸುವೇ ಕೊಟ್ಟರು ಎಂಬ ಸಂದೇಶವೊಂದು ಮಂಜೇಶ್ವರ, ಬೇಳ, ಕುಂಬಳೆ ಕಡೆಯ ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಹದಿಹರೆಯದವರು ಸಹಜ ಭಾವನೆಗೂ ತಮ್ಮನ್ನು ಅಪರಾಧಿಗಳೆಂದು ತಿಳಿಯುವಂತೆ ಮಾಡುವುದರಿಂದ ಇದನ್ನು ಹಾಗೆಯೇ ಬಿಡುವುದು ಸರಿಯೆನಿಸುವುದಿಲ್ಲ.

ಕ್ರೈಸ್ತ ಧರ್ಮವು ಕಾಮವನ್ನು ಪಾಪವೆಂದು ಎಣಿಸುವುದು ನಿಜ. ಪರಸ್ತ್ರೀಯನ್ನು ಮೋಹಿಸಿ ನೋಡುವವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ್ದಾನೆಂದು ಮತ್ತಾಯನ ಸುವಾರ್ತೆಯ 5:28 ಹೇಳುತ್ತದೆ. ಆದರೆ ಅಲ್ಲಿ ಖಂಡಿಸಿರುವುದು ಬಯಸಬೇಕೆಂದೇ ನೋಡುವ ನೋಟವನ್ನು. ಯಾಕೋಬನ ಪತ್ರವೂ (1:14-15) ಆಸೆ ಬಸುರಾದ ಮೇಲೆ ಪಾಪವನ್ನು ಹೆರುತ್ತದೆಂದು ಎರಡನ್ನೂ ಬೇರ್ಪಡಿಸುತ್ತದೆ. ಕಥೋಲಿಕ ಬೋಧನೆಯಂತೆ, ವಿಷಯ ಗಂಭೀರವಾಗಿದ್ದು, ಪೂರ್ಣ ತಿಳಿವಳಿಕೆಯೂ ಮನಃಪೂರ್ವಕ ಒಪ್ಪಿಗೆಯೂ ಕೂಡಿದಾಗ ಮಾತ್ರ ಅದು ಮಾರಕ ಪಾಪ, ಅಂದರೆ ದೇವರೊಂದಿಗಿನ ಸಂಬಂಧವನ್ನೇ ಕಡಿಯುವ ಪಾಪವಾಗುತ್ತದೆ. ಈ ವಿಚಾರದಲ್ಲಿ ಎಲ್ಲ ಕ್ರೈಸ್ತ ಪಂಥಗಳೂ ಒಂದೇ ಮಾತಾಡುವುದಿಲ್ಲ ಎಂಬುದನ್ನೂ ಹೇಳಲೇಬೇಕು: ಒಳಗಿನ ದುರಾಸೆಯ ಒಲವೇ ಪಾಪವೆಂದು ಲೂಥರನ್ ಪಂಥದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ ಹೇಳಿದರೆ, ದೀಕ್ಷಾಸ್ನಾನ ಪಡೆದವರಲ್ಲಿ ಉಳಿಯುವ ಆ ಒಲವು ತಾನಾಗಿ ಪಾಪವಲ್ಲ, ಪಾಪದತ್ತ ಎಳೆಯುವಂಥದ್ದು ಎಂದು 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ತೀರ್ಮಾನಿಸಿತು.

ದಂಪತಿಗಳ ಕುರಿತ ಮಾತಂತೂ ಪೂರಾ ತಪ್ಪು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಪೌಲನು, ಗಂಡ ಹೆಂಡಿರು ದಾಂಪತ್ಯ ಸುಖದಿಂದ ಒಬ್ಬರನ್ನೊಬ್ಬರು ವಂಚಿಸಬಾರದೆಂದು, ಪ್ರಾರ್ಥನೆಗಾಗಿ ಅಗಲಿದರೂ ಸ್ವಲ್ಪ ಕಾಲ ಮಾತ್ರ, ಅದೂ ಇಬ್ಬರ ಒಪ್ಪಿಗೆಯಿಂದಲೇ ಎಂದು ಬರೆಯುತ್ತಾನೆ.

ಏಳರ ಪಟ್ಟಿ ಬೈಬಲಿನದಲ್ಲ. 4ನೆಯ ಶತಮಾನದ ಸನ್ಯಾಸಿ ಎವಾಗ್ರಿಯಸ್ ಗುರುತಿಸಿದ ಎಂಟು ದುರಾಲೋಚನೆಗಳನ್ನು ಆಧರಿಸಿದ ಪರಂಪರೆಯನ್ನು 6ನೆಯ ಶತಮಾನದ ಕೊನೆಯಲ್ಲಿ ಪೋಪ್ ಒಂದನೆಯ ಗ್ರೆಗರಿ ಏಳಕ್ಕೆ ಹೊಂದಿಸಿದರು. ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 6:16-19ರಲ್ಲಿ ದೇವರು ದ್ವೇಷಿಸುವ ಏಳು ಸಂಗತಿಗಳಿವೆ. ಅವುಗಳಲ್ಲಿ ಸುಳ್ಳು ನಾಲಿಗೆಯಿದೆ, ಕಾಮವಿಲ್ಲ.